ಕೆಲ್ವಿನ್ ದಂಡೆಯಿಂದ ಪಂಚಗಂಗಾವಳಿಗೆ: ಕೆನರಾದ ಕಲೆಕ್ಟರ್ ಥಾಮಸ್ ಮನ್ರೋ

ಬ್ರಿಟನ್ನಿನಲ್ಲಿ ನದಿದಂಡೆಯ ಜಾರ್ಜಿಯನ್ ಮನೆಯೊಂದು ಮಾರಾಟಕ್ಕೆ ಬಂತೆಂದರೆ ಇಂದಿಗೂ ಅದು ಸಿರಿವಂತರ ಮಾತು. 1714ರಿಂದ 1830ರವರೆಗೆ ಜಾರ್ಜ್ ಎಂಬ ಹೆಸರಿನ ನಾಲ್ವರು ದೊರೆಗಳು ಒಬ್ಬರ ನಂತರ ಒಬ್ಬರಂತೆ ಸಿಂಹಾಸನವೇರಿದರು. ಆ ಕಾಲದ ವಾಸ್ತುಶೈಲಿಗೆ ಅವರ ಹೆಸರೇ ನಿಂತಿತು. ಎಡಬಲಗಳೆರಡೂ ಸಮನಾದ ಮುಂಭಾಗ, ನಟ್ಟನಡುವೆ ಬಾಗಿಲು, ಅಳತೆ ತಪ್ಪದ ಎತ್ತರದ ಕಿಟಕಿಗಳು, ಆಡಂಬರವಿಲ್ಲದ ಗಾಂಭೀರ್ಯ ಇವು ಅದರ ಲಕ್ಷಣ. ಅಂಥ ಮನೆಗಳನ್ನು ಕಟ್ಟಿಸಿದವರಲ್ಲಿ ಅನೇಕರು ಸಾಗರದಾಚೆಯ ವ್ಯಾಪಾರದಿಂದ ಹಣವಂತರಾದವರು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಅಮೆರಿಕದ ತಂಬಾಕು ತರಿಸುತ್ತಿದ್ದ ವರ್ತಕರಿಗೆ ತಂಬಾಕು ಪ್ರಭುಗಳೆಂದೇ ಹೆಸರಿತ್ತು. ಆದರೆ ಹಡಗಿನಲ್ಲಿ ಬಂದ ಸಂಪತ್ತು ಹಡಗಿನೊಂದಿಗೇ ಹೋಗುವುದೂ ಉಂಟು. ಹಾಗೆ ಸಂಪತ್ತು ಕಳೆದುಕೊಂಡ ಮನೆತನವೊಂದರ ಮಗ ಮುಂದೆ ಕುಂದಾಪುರದ ಹೊಳೆದಂಡೆಗೆ ಬಂದು, ಕರಾವಳಿಯ ಜಮೀನು ಯಾರದು, ಅದನ್ನು ಮಾರುವ ಹಕ್ಕು ಯಾರಿಗೆ ಎಂಬ ಪ್ರಶ್ನೆಗೆ ಉತ್ತರ ಬರೆದ. ಆತನೇ ಸರ್ ಥಾಮಸ್ ಮನ್ರೋ.

ತಂಬಾಕಿನ ಮನೆತನ

ಮನ್ರೋ ಹುಟ್ಟಿದ್ದು 1761ರ ಮೇ 27ರಂದು, ಗ್ಲಾಸ್ಗೋದಲ್ಲಿ. ತಂದೆ ಅಲೆಕ್ಸಾಂಡರ್ ಮನ್ರೋ ವರ್ಜೀನಿಯಾದೊಂದಿಗೆ ತಂಬಾಕಿನ ವ್ಯವಹಾರ ನಡೆಸುತ್ತಿದ್ದ ವರ್ತಕ. ನಗರದ ಹೊರಗೆ, ಕೆಲ್ವಿನ್ ನದಿಯ ಸಮೀಪ ನಾರ್ತ್ ವುಡ್‌ಸೈಡ್‌ನಲ್ಲಿ ಕುಟುಂಬ ಬೇಸಗೆ ಕಳೆಯುತ್ತಿತ್ತು. ನದಿಯಲ್ಲಿ ಈಜು, ದಂಡೆಯ ಕಾಡಿನಲ್ಲಿ ಅಲೆದಾಟ, ಮರ ಹತ್ತುವುದು ಇವೇ ಹುಡುಗನ ಬಾಲ್ಯ. ಎಳವೆಯಲ್ಲಿ ಬಂದ ದಡಾರದಿಂದ ಕಿವಿ ಮಂದವಾಯಿತು. ಆ ಕೊರತೆ ಕೊನೆಯವರೆಗೂ ಉಳಿಯಿತು. ಓದಿನ ಹುಚ್ಚು ಮಾತ್ರ ಕುಂದಲಿಲ್ಲ. ಡಾನ್ ಕ್ವಿಕ್ಸೋಟ್ ಕಾದಂಬರಿಯನ್ನು ಮೂಲದಲ್ಲೇ ಓದಬೇಕೆಂದು ಸ್ಪ್ಯಾನಿಷ್ ಭಾಷೆಯನ್ನು ತಾನೇ ಕಲಿತ. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮುಗಿಸಿ ವ್ಯಾಪಾರಿ ಸಂಸ್ಥೆಯೊಂದರ ಲೆಕ್ಕದ ಕೋಣೆ ಸೇರಿದ.

ಅಷ್ಟರಲ್ಲಿ ಅಮೆರಿಕದ ವಸಾಹತುಗಳು ದಂಗೆಯೆದ್ದವು. 1776ರ ಸ್ವಾತಂತ್ರ್ಯ ಘೋಷಣೆಯ ನಂತರ ವರ್ಜೀನಿಯಾದಿಂದ ಬರಬೇಕಿದ್ದ ಬಾಕಿ ಬರಲಿಲ್ಲ, ವ್ಯಾಪಾರ ನಿಂತಿತು. ಅಲೆಕ್ಸಾಂಡರ್ ಮನ್ರೋ ದಿವಾಳಿಯ ಅಂಚಿಗೆ ಬಂದ. ಏಳು ಮಕ್ಕಳ ಸಂಸಾರ ಸಿರಿತನದಿಂದ ಬಡತನಕ್ಕೆ ಇಳಿಯಿತು. ಮಗನಿಗೆ ಉಳಿದ ದಾರಿ ಈಸ್ಟ್ ಇಂಡಿಯಾ ಕಂಪೆನಿಯ ನೌಕರಿ. 1779ರಲ್ಲಿ ಕಾಲಾಳು ಪಡೆಯ ಕೆಡೆಟ್ ಆಗಿ ಹೊರಟ ಮನ್ರೋ 1780ರ ಜನವರಿಯಲ್ಲಿ ಮದರಾಸಿಗೆ ಬಂದಿಳಿದ. ಆಗ ಹತ್ತೊಂಬತ್ತು ತುಂಬಿರಲಿಲ್ಲ. ಅದೇ ವರ್ಷ ಹೈದರಾಲಿ ಕರ್ನಾಟಿಕ್ ಪ್ರಾಂತದ ಮೇಲೆ ದಂಡೆತ್ತಿ ಬಂದುದರಿಂದ ಹೊಸ ಸಿಪಾಯಿಗೆ ಬಂದೂಕು ಹಿಡಿಯುವ ಸಂದರ್ಭ ತಡವಾಗಲಿಲ್ಲ. ಸಂಬಳದಲ್ಲಿ ಉಳಿಸಿ ಊರಿಗೆ ಹಣ ಕಳುಹಿಸುವುದು ಮುಂದಿನ ವರ್ಷಗಳ ನಿಯಮವಾಯಿತು.

ಮೂರನೆಯ ಮೈಸೂರು ಯುದ್ಧ 1792ರಲ್ಲಿ ಮುಗಿದಾಗ ಟಿಪ್ಪು ಸುಲ್ತಾನನಿಂದ ಕಂಪೆನಿಗೆ ಬಂದ ಬಾರಾಮಹಲ್ ಪ್ರಾಂತದಲ್ಲಿ, ಅಂದರೆ ಇಂದಿನ ಕೃಷ್ಣಗಿರಿ, ಧರ್ಮಪುರಿ, ಸೇಲಂ ಸೀಮೆಯಲ್ಲಿ, ಕಂದಾಯ ವ್ಯವಸ್ಥೆಗೆ ನಾಲ್ವರು ಸೇನಾಧಿಕಾರಿಗಳನ್ನು ನೇಮಿಸಲಾಯಿತು. ಮುಖ್ಯಸ್ಥ ಅಲೆಕ್ಸಾಂಡರ್ ರೀಡ್, ಸಹಾಯಕರಲ್ಲಿ ಒಬ್ಬ ಮನ್ರೋ. ದೇಶಭಾಷೆ ಬಲ್ಲ ನಾಗರಿಕ ಅಧಿಕಾರಿಗಳ ಕೊರತೆಯೇ ಸಿಪಾಯಿಗಳಿಗೆ ಈ ಕೆಲಸ ಬರಲು ಕಾರಣ. ಏಳು ವರ್ಷ ಹೊಲದ ಬದುಗಳ ಮೇಲೆ ನಡೆದು, ರೈತರೊಂದಿಗೆ ನೇರವಾಗಿ ಮಾತಾಡಿ, ಮನ್ರೋ ತನ್ನ ಮುಂದಿನ ಬಾಳಿನ ಪಾಠ ಕಲಿತ.

ಮಳೆನಾಡಿನ ಹದಿನೈದು ತಿಂಗಳು

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಮೈಸೂರಿನ ಹಂಚಿಕೆಗೆ ರಚಿತವಾದ ಆಯೋಗಕ್ಕೆ ಜಾನ್ ಮಾಲ್ಕಂ ಮತ್ತು ಮನ್ರೋ ಕಾರ್ಯದರ್ಶಿಗಳಾಗಿದ್ದರು. ಆ ಹಂಚಿಕೆಯಲ್ಲಿ ಕಾರವಾರದಿಂದ ಕಾಸರಗೋಡಿನಾಚೆಯವರೆಗಿನ ಇಡೀ ಕರಾವಳಿ ಕೆನರಾ ಎಂಬ ಹೆಸರಿನಲ್ಲಿ ಕಂಪೆನಿಯ ಪಾಲಾಯಿತು. ಅದರ ಮೊದಲ ಕಲೆಕ್ಟರ್ ಆಗಿ ಹೋಗಬೇಕೆಂದು ಮನ್ರೋಗೆ ಆಜ್ಞೆ ಬಂತು. ಆತನಿಗೆ ಅದು ಬೇಕಿರಲಿಲ್ಲ. ಬಯಲುಸೀಮೆಯ ಬಾರಾಮಹಲ್ ಬಿಟ್ಟು ಹೋಗಲು ಮನಸ್ಸು ಒಪ್ಪಲಿಲ್ಲ. ಆದರೂ ಆಜ್ಞೆಗೆ ತಲೆಬಾಗಿ ಹೊರಟು ಬಂದ.

ಕುಂದಾಪುರ ಆತನ ಆಡಳಿತದ ಠಾಣ್ಯಗಳಲ್ಲಿ ಮುಖ್ಯವಾದುದು. ಸೌಪರ್ಣಿಕೆ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯೆನಿಸಿ ಗಂಗೊಳ್ಳಿಯ ಬಳಿ ಕಡಲು ಸೇರುವ ಊರು ಅದು. ಒಳನಾಡಿನ ಅಕ್ಕಿ ದೋಣಿಯಲ್ಲಿ ಬರಲು, ಘಟ್ಟದ ಸರಕು ಇಳಿಯಲು ಹೇಳಿ ಮಾಡಿಸಿದ ಜಾಗ. ಸಮೀಪದ ಬಸ್ರೂರು ಶತಮಾನಗಳ ಹಿಂದಿನಿಂದಲೇ ಹೆಸರಾಂತ ಬಂದರು. ಇತ್ತ ದಕ್ಷಿಣಕ್ಕೆ ಕೋಟೇಶ್ವರ ದಾಟಿದರೆ ಕುಂಭಾಶಿ. ಬರಗಾಲದಲ್ಲಿ ಅಗಸ್ತ್ಯರು ಮಳೆಗಾಗಿ ಯಜ್ಞ ಮಾಡಿದ ಸ್ಥಳವೆಂದೂ, ಅದಕ್ಕೆ ಅಡ್ಡಿಯಾದ ಕುಂಭಾಸುರನನ್ನು ಭೀಮಸೇನ ಸಂಹರಿಸಿದನೆಂದೂ ಆನೆಗುಡ್ಡೆಯ ಸ್ಥಳಪುರಾಣ ಹೇಳುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಸೀಮೆಯಲ್ಲಿ ಮನ್ರೋ ಮಾತ್ರ ಮಳೆಯಿಂದಲೇ ಬೇಸತ್ತ. ಡೇರೆಗಳಲ್ಲಿ ವಾಸ, ದಾರಿಯಿಲ್ಲದ ಕಾಡು, ಹೆಜ್ಜೆಗೊಂದು ಹೊಳೆ. ಮನೆಗೆ ಬರೆದ ಪತ್ರಗಳಲ್ಲಿ ಈ ದೂರು ಮತ್ತೆ ಮತ್ತೆ ಬರುತ್ತದೆ.

ಮಳೆಗಿಂತ ದೊಡ್ಡ ತೊಡಕು ಜನರದು. ಕರಾವಳಿಯ ಒಕ್ಕಲುಗಳು ಹೊಸ ಸರ್ಕಾರದ ಕಚೇರಿಗೆ ಬರಲು ಒಪ್ಪಲಿಲ್ಲ. ಗುಂಪುಗೂಡಿ, ಕಂದಾಯ ಇಳಿಸಿದರಷ್ಟೇ ಮಾತುಕತೆ ಎಂದು ಪಟ್ಟು ಹಿಡಿದರು. ಹಾಗೆ ಒಟ್ಟಾಗಿ ಬಂದವರ ಜೊತೆ ಚೌಕಾಶಿಗೆ ಇಳಿಯಲು ಮನ್ರೋ ಸಿದ್ಧನಿರಲಿಲ್ಲ. ಒಂದು ಊರಿನವರು ಬಾರದಿದ್ದರೆ ಇನ್ನೊಂದು ಊರಿಗೆ ಹೋಗಿ ಕುಳಿತ, ಒಬ್ಬೊಬ್ಬರನ್ನೇ ಕರೆದು ಲೆಕ್ಕ ಮುಗಿಸಿದ. ದಕ್ಷಿಣದಲ್ಲಿ ವಿಟ್ಲದ ಹೆಗ್ಗಡೆ ಕಂಪೆನಿಯ ವಿರುದ್ಧ ಎದ್ದು, 1800ರಲ್ಲಿ ಸೆರೆಸಿಕ್ಕು ಗಲ್ಲಿಗೇರಿದ. ಅದೇ ವರ್ಷ ಘಟ್ಟದ ಮೇಲೆ ಧೋಂಡಿಯಾ ವಾಘನ ಬೆನ್ನುಹತ್ತಿದ್ದ ಆರ್ಥರ್ ವೆಲ್ಲೆಸ್ಲಿಯ ಸೈನ್ಯಕ್ಕೆ ಕರಾವಳಿಯಿಂದ ಅಕ್ಕಿ ಒದಗಿಸುವ ಹೊಣೆಯೂ ಕಲೆಕ್ಟರನ ಮೇಲೆಯೇ ಬಿತ್ತು. ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಎನಿಸಿದ ವೆಲ್ಲೆಸ್ಲಿಯೊಂದಿಗಿನ ಸ್ನೇಹ ಬಾಳಿನುದ್ದಕ್ಕೂ ಉಳಿಯಿತು.

ಮಾರಲು ಬರುವ ಜಮೀನು

ಈ ಗದ್ದಲದ ನಡುವೆ ಮನ್ರೋ ಕಂಡ ಸಂಗತಿಯೊಂದು ಕಂಪೆನಿಯ ತಿಳಿವಳಿಕೆಯನ್ನೇ ಅಲುಗಿಸಿತು. ಭಾರತದಲ್ಲಿ ಭೂಮಿಯೆಲ್ಲ ಅರಸನದು, ರೈತ ಬರಿಯ ಉಳುವವನು ಎಂಬುದು ಅಂದಿನ ಅನೇಕ ಅಧಿಕಾರಿಗಳ ನಂಬಿಕೆ. ಕೆನರಾದಲ್ಲಿ ಹಾಗಿರಲಿಲ್ಲ. ಇಲ್ಲಿ ಜಮೀನಿಗೆ ಒಡೆಯನಿದ್ದ. ಆತನ ಹಕ್ಕಿಗೆ ಮೂಲಿ ಎಂಬ ಹೆಸರಿತ್ತು. ಅದನ್ನು ಆತ ಮಾರಬಹುದಿತ್ತು, ಅಡವಿಡಬಹುದಿತ್ತು, ದಾನ ಕೊಡಬಹುದಿತ್ತು, ವಾರಸುದಾರರಿಗೆ ಬಿಡಬಹುದಿತ್ತು. ಒಡೆಯನ ಕೆಳಗೆ ಶಾಶ್ವತ ಗೇಣಿಯ ಮೂಲಗೇಣಿದಾರ, ಅವಧಿಯ ಗೇಣಿಯ ಚಾಲಗೇಣಿದಾರ ಎಂಬ ಮೆಟ್ಟಿಲುಗಳಿದ್ದವು. ಇದಕ್ಕೆಲ್ಲ ಬರವಣಿಗೆಯ ಆಧಾರವೂ ಇತ್ತು. ಕರಿಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆದ ಕಡತಗಳನ್ನು ಶಾನುಭೋಗರ ಮನೆತನಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದವು.

ಆ ಲೆಕ್ಕಗಳನ್ನು ಹಿಡಿದು ಮನ್ರೋ ಹಿಂದಕ್ಕೆ ಹೋದ. ವಿಜಯನಗರದ ಹರಿಹರನ ಕಾಲದ್ದೆಂದು ಹೇಳಲಾಗುತ್ತಿದ್ದ ಹಳೆಯ ಶಿಸ್ತು, ಅದರ ಮೇಲೆ ಇಕ್ಕೇರಿ ಅರಸರು ಸೇರಿಸಿದ್ದು, 1763ರಲ್ಲಿ ಬಿದನೂರು ಗೆದ್ದ ಹೈದರಾಲಿ ಹೇರಿದ್ದು, ಟಿಪ್ಪುವಿನ ಕಾಲದಲ್ಲಿ ಏರಿದ್ದು, ಹೀಗೆ ಪದರ ಪದರವಾಗಿ ಕಂದಾಯದ ಚರಿತ್ರೆ ಬಿಡಿಸಿದ. 1800ರ ಮೇ 31 ಮತ್ತು ನವೆಂಬರ್ 9ರ ಆತನ ವರದಿಗಳ ತಿರುಳು ಇದು. ಹಿಂದೆ ಕಂದಾಯ ಹಗುರವಾಗಿದ್ದಾಗ ಒಡೆಯನ ಕೈಯಲ್ಲಿ ಉಳಿತಾಯವಿತ್ತು, ಆದುದರಿಂದ ಜಮೀನಿಗೆ ಬೆಲೆಯಿತ್ತು. ಕಂದಾಯ ಹೆಚ್ಚಾದಂತೆ ಉಳಿತಾಯ ಕರಗಿತು. ಹಕ್ಕು ಕಾಗದದಲ್ಲಿ ಉಳಿಯಿತು, ಕೊಳ್ಳುವವರು ಇಲ್ಲವಾದರು. ಮಾರಲು ಅಧಿಕಾರವಿದ್ದೂ ಮಾರಲು ಆಗದ ಆಸ್ತಿ ಆಸ್ತಿಯೇ ಅಲ್ಲ ಎಂಬುದನ್ನು ತಂಬಾಕು ವರ್ತಕನ ಮಗ ಚೆನ್ನಾಗಿ ಅರಿತಿದ್ದ.

ಹಾಗಾಗಿ ಬಂಗಾಳದ ಮಾದರಿಯ ಜಮೀನ್ದಾರರನ್ನು ಇಲ್ಲಿ ಸೃಷ್ಟಿಸುವುದು ಬೇಡ, ಇರುವ ಒಡೆಯರಿಂದಲೇ ಸರ್ಕಾರ ನೇರವಾಗಿ ಕಂದಾಯ ಪಡೆಯಲಿ ಎಂದು ಆತ ವಾದಿಸಿದ. ಕಂದಾಯವನ್ನೂ ಸ್ವಲ್ಪ ಇಳಿಸಿದ. ಆದರೆ ಬಯಸಿದಷ್ಟು ಇಳಿಸಲಿಲ್ಲ, ಕಂಪೆನಿಯ ಬೊಕ್ಕಸ ಅದಕ್ಕೆ ಅವಕಾಶ ಕೊಡಲಿಲ್ಲ. ಈ ಅರೆಬರೆ ಪರಿಹಾರದ ಫಲ ಮುಂದೆ ಕಾಣಿಸಿತು. ಮನ್ರೋ ತೀರಿಕೊಂಡ ಕೆಲವೇ ವರ್ಷಗಳಲ್ಲಿ, 1830-31ರಲ್ಲಿ, ಕೆನರಾದ ರೈತರು ಕೂಟಗಳನ್ನು ಕಟ್ಟಿ ಕಂದಾಯ ನಿರಾಕರಿಸಿದರು.

ಬಳ್ಳಾರಿ, ಧಾರವಾಡ, ಮದರಾಸು

1800ರ ಕೊನೆಗೆ ಮನ್ರೋಗೆ ಕೇಳಿಕೊಂಡ ವರ್ಗಾವಣೆ ಸಿಕ್ಕಿತು. ಆತ ಹೋದ ಮೇಲೆ ಒಬ್ಬ ಕಲೆಕ್ಟರನಿಗೆ ಕೆನರಾ ದೊಡ್ಡದಾಯಿತೆಂದು ಉತ್ತರ, ದಕ್ಷಿಣಗಳೆಂದು ಇಬ್ಬರಿಗೆ ಹಂಚಲಾಯಿತು. ನಿಜಾಮನಿಂದ ಕಂಪೆನಿಗೆ ಬಂದ ಬಳ್ಳಾರಿ, ಅನಂತಪುರ, ಕಡಪ ಸೀಮೆಯಲ್ಲಿ ಪ್ರಧಾನ ಕಲೆಕ್ಟರನಾಗಿ ಮನ್ರೋ ಏಳು ವರ್ಷ ದುಡಿದ. ಪಾಳೆಯಗಾರರನ್ನು ಅಡಗಿಸಿ, ಹೊಲ ಹೊಲವನ್ನೂ ಅಳೆಯಿಸಿ, ರೈತವಾರಿ ಪದ್ಧತಿಗೆ ಗಟ್ಟಿ ರೂಪ ಕೊಟ್ಟದ್ದು ಅಲ್ಲಿಯೇ. ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳ ಬೃಂದಾವನದ ಮುಂದೆ ನಿಂತ ಮನ್ರೋಗೆ ಯತಿಗಳು ಪ್ರತ್ಯಕ್ಷರಾಗಿ ಮಾತಾಡಿದರೆಂಬ ಐತಿಹ್ಯ ಭಕ್ತರಲ್ಲಿ ಇಂದಿಗೂ ಜೀವಂತ. ಆ ಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುತ್ತಿದ್ದುದೂ ಉಂಟು.

ಇಪ್ಪತ್ತೆಂಟು ವರ್ಷಗಳ ನಂತರ, 1808ರಲ್ಲಿ, ಮನ್ರೋ ತಾಯ್ನಾಡಿಗೆ ಮರಳಿದ. ತಾಯಿ ಆಗಲೇ ತೀರಿಕೊಂಡಿದ್ದಳು, ತಂದೆ ಮುದಿತನದಲ್ಲಿ ಕುಗ್ಗಿದ್ದ. ಮಳೆಯಲ್ಲೇ ನಾರ್ತ್ ವುಡ್‌ಸೈಡ್‌ಗೆ ಹೋಗಿ ಕೆಲ್ವಿನ್ ದಂಡೆಯುದ್ದಕ್ಕೂ ಒಬ್ಬನೇ ಅಲೆದ. ಹುಡುಗನಾಗಿದ್ದಾಗ ಆಡಿದ ಒಡ್ಡಿನ ಬಳಿ, ಉದುರುವ ಎಲೆಗಳ ನಡುವೆ, ಗಂಟೆಗೂ ಹೆಚ್ಚು ಕಾಲ ನೀರು ನೋಡುತ್ತ ನಿಂತ. ಕೆನರಾದಲ್ಲಿ ಮಳೆಯನ್ನು ಶಪಿಸಿದವನಿಗೆ ಅಂದಿನ ಮಳೆ ಅಡ್ಡಿಯೆನಿಸಲಿಲ್ಲ.

1813ರಲ್ಲಿ ಕಂಪೆನಿಯ ಸನದು ನವೀಕರಣದ ಸಂದರ್ಭದಲ್ಲಿ ಸಂಸತ್ತಿನ ಮುಂದೆ ಸಾಕ್ಷ್ಯ ನುಡಿದು, ಭಾರತೀಯರ ಕೃಷಿ, ಕೈಗಾರಿಕೆ, ನಡವಳಿಕೆಗಳನ್ನು ಮೆಚ್ಚಿ ಮಾತಾಡಿದ. 1814ರಲ್ಲಿ ಜೇನ್ ಕ್ಯಾಂಪ್‌ಬೆಲ್‌ಳನ್ನು ಮದುವೆಯಾಗಿ ಮತ್ತೆ ಮದರಾಸಿಗೆ ಬಂದ. 1817-18ರ ಮರಾಠಾ ಯುದ್ಧದಲ್ಲಿ ಅಲ್ಪ ಸೈನ್ಯದೊಂದಿಗೆ, ಸ್ಥಳೀಯರನ್ನೇ ಕೂಡಿಸಿಕೊಂಡು, ಧಾರವಾಡ ಭಾಗದಿಂದ ಬಾದಾಮಿ, ಬೆಳಗಾವಿಗಳವರೆಗಿನ ಕನ್ನಡನಾಡನ್ನು ಕಂಪೆನಿಗೆ ಗೆದ್ದುಕೊಟ್ಟ.

1820ರಲ್ಲಿ ಮದರಾಸಿನ ಗವರ್ನರ್ ಆದ ಮನ್ರೋ ರೈತವಾರಿಯನ್ನು ಪ್ರಾಂತದ ಸಾಮಾನ್ಯ ನಿಯಮವಾಗಿಸಿದ. 1822ರಲ್ಲಿ ದೇಶೀಯ ಶಾಲೆಗಳ ಸಮೀಕ್ಷೆಗೆ ಆದೇಶಿಸಿದ. ಭಾರತೀಯರನ್ನು ಉನ್ನತ ಹುದ್ದೆಗಳಿಂದ ದೂರವಿಡುವುದು ಅವರನ್ನು ಕುಗ್ಗಿಸುತ್ತದೆಂದೂ, ತಮ್ಮನ್ನು ತಾವು ಆಳಿಕೊಳ್ಳಬಲ್ಲಷ್ಟು ಅವರು ಬೆಳೆದ ದಿನ ಬ್ರಿಟಿಷರು ಅಧಿಕಾರ ಬಿಡುವುದೇ ಇಬ್ಬರಿಗೂ ಒಳಿತೆಂದೂ 1824ರ ಟಿಪ್ಪಣಿಯಲ್ಲಿ ಬರೆದ. ಆದರೆ ಆತ ನೆಟ್ಟ ವ್ಯವಸ್ಥೆ ಕೆಳಗಿನ ನೌಕರರ ಕೈಯಲ್ಲಿ ಬೇರೆಯೇ ರೂಪ ತಾಳಿತು. ಕಂದಾಯ ವಸೂಲಿಗೆ ರೈತರನ್ನು ಹಿಂಸಿಸುವುದು ನಡೆದಿದೆಯೆಂದು 1855ರ ಮದರಾಸು ಆಯೋಗ ಕಂಡುಕೊಂಡಿತು.

ಉಳಿದ ಲೆಕ್ಕ

ಅಧಿಕಾರ ಬಿಟ್ಟು ಊರಿಗೆ ಹೊರಡುವ ಮುನ್ನ ಹಳೆಯ ಜಿಲ್ಲೆಗಳಿಗೆ ವಿದಾಯ ಹೇಳಲು ಹೋದ ಮನ್ರೋ, 1827ರ ಜುಲೈ 6ರಂದು ಕರ್ನೂಲು ಸೀಮೆಯ ಪತ್ತಿಕೊಂಡದಲ್ಲಿ ಕಾಲರಾಕ್ಕೆ ಬಲಿಯಾದ. ಗುತ್ತಿಯಲ್ಲಿ ಮಣ್ಣು ಮಾಡಿದ ದೇಹವನ್ನು ನಂತರ ಮದರಾಸಿನ ಸಂತ ಮೇರಿ ಚರ್ಚಿಗೆ ತರಲಾಯಿತು. ಶಿಲ್ಪಿ ಫ್ರಾನ್ಸಿಸ್ ಚಾಂಟ್ರಿ ರೂಪಿಸಿದ, ರಿಕಾಪು ಇಲ್ಲದ ಕುದುರೆಯ ಮೇಲೆ ಕುಳಿತ ಪ್ರತಿಮೆ 1839ರಲ್ಲಿ ಆ ನಗರದಲ್ಲಿ ನಿಂತಿತು.

ಕರಾವಳಿಯಲ್ಲಿ ಆತನಿಗೆ ಅಂಥ ಪ್ರತಿಮೆಯಿಲ್ಲ. ಆದರೆ ಆತ ವರದಿಯಲ್ಲಿ ದಾಖಲಿಸಿದ ಶಬ್ದಗಳು ಎರಡು ಶತಮಾನ ಬಾಳಿದವು. ಚಾಲಗೇಣಿಯ ಒಕ್ಕಲಿಗೆ ಭೂಮಿಯ ಒಡೆತನ ದೊರೆತದ್ದು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ. ಮೂಲಗೇಣಿಯ ನಿವೇಶನಗಳಲ್ಲಿ ಮನೆ ಕಟ್ಟಿಕೊಂಡು ತಲೆಮಾರುಗಳಿಂದ ಬಾಳಿದರೂ ಪೂರ್ಣ ಒಡೆಯರಾಗದವರಿಗಾಗಿ ರಾಜ್ಯ 2011ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ರೂಪಿಸಬೇಕಾಯಿತು. ಮಂಗಳೂರು, ಉಡುಪಿ, ಕುಂದಾಪುರಗಳಲ್ಲಿ ಮನೆ ಕೊಳ್ಳಹೊರಟವರು ಗೋಡೆಯ ಅಂದಕ್ಕಿಂತ ಮೊದಲು ಮೂಲಪತ್ರ ಕೇಳುವುದು ಸುಮ್ಮನಲ್ಲ. ಆ ನೆಲದ ಹಕ್ಕಿಗೆ ಎಷ್ಟು ಪದರಗಳಿವೆ ಎಂಬುದನ್ನು ಇಂಗ್ಲಿಷ್ ದಫ್ತರದಲ್ಲಿ ಮೊದಲಿಗೆ ಬರೆದಿಟ್ಟವನು, ಮನೆತನದ ಸಿರಿ ಕರಗಿದ್ದರಿಂದಲೇ ಹಡಗು ಹತ್ತಿದ ಆ ಗ್ಲಾಸ್ಗೋದ ಯುವಕ.