ಮಿಲ್ಟನ್ ಕವಿಯ ಆರ್ಗನ್ನು

ಕಣ್ಣು ಕಳೆದುಕೊಂಡ ಮೇಲೆ ಮಹಾಕಾವ್ಯ ರಚಿಸಿದ ಜಾನ್ ಮಿಲ್ಟನ್ನನನ್ನು ನಾವೆಲ್ಲರೂ ಬಲ್ಲೆವು. ಅವನು ಸಂಗೀತಗಾರನೂ ಆಗಿದ್ದನೆಂಬುದನ್ನು ಅಷ್ಟಾಗಿ ಅರಿಯೆವು. ಅವನು 1608ರಲ್ಲಿ ಲಂಡನ್ನಿನಲ್ಲಿ ಜನಿಸಿದನು. ತಂದೆ ದಸ್ತಾವೇಜು ಬರೆಯುವ ವೃತ್ತಿಯವನು. ಆದರೂ ಒಳ್ಳೆಯ ಸ್ವರಸಂಯೋಜಕನು. ಮಗನಿಗೆ ಆರ್ಗನ್ನಿನ ಅಭಿರುಚಿ ಮನೆಯಲ್ಲಿಯೇ ಹತ್ತಿತು. ತಿದಿಯ ಗಾಳಿಯಿಂದ ನೂರಾರು ಕೊಳವೆಗಳು ನುಡಿಯುವ ವಾದ್ಯವದು.

ಮುಂದೆ ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧವಾಯಿತು. ಮಿಲ್ಟನ್ ಪಾರ್ಲಿಮೆಂಟಿನ ಪಕ್ಷ ಹಿಡಿದನು. ಅದೇ ಪಕ್ಷವು 1644ರಲ್ಲಿ, ಚರ್ಚುಗಳಿಂದ ಆರ್ಗನ್ನುಗಳನ್ನು ಕಿತ್ತುಹಾಕಬೇಕೆಂದು ಆಜ್ಞಾಪಿಸಿತು! ಆದರೆ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನ ಆರ್ಗನ್ನು ಉಳಿಯಿತು. 1654ರಲ್ಲಿ ಕ್ರಾಂವೆಲ್ಲನು ಅದನ್ನು ಹ್ಯಾಂಪ್ಟನ್ ಕೋರ್ಟ್ ಅರಮನೆಗೆ ತರಿಸಿಕೊಂಡನು. ಅವನ ಸರ್ಕಾರದಲ್ಲಿ ಲ್ಯಾಟಿನ್ ಕಾರ್ಯದರ್ಶಿಯಾಗಿದ್ದ ಮಿಲ್ಟನ್ ಅದನ್ನು ಅಲ್ಲಿ ನುಡಿಸಿದನೆಂದು ಪ್ರತೀತಿ. ಆ ವೇಳೆಗೆ ಅವನು ಪೂರ್ತಿ ಕುರುಡನಾಗಿ ಎರಡು ವರ್ಷವಾಗಿತ್ತು. ಪ್ರತೀತಿಯೇ ಆದರೂ ನಂಬಲು ನಮಗೆ ಆಸೆ.

1660ರಲ್ಲಿ ಅರಸೊತ್ತಿಗೆ ಮರಳಿತು. ವಾದ್ಯವೂ ಆಕ್ಸ್‌ಫರ್ಡಿಗೆ ಮರಳಿತು. ಮಿಲ್ಟನ್ನನ ಪುಸ್ತಕಗಳನ್ನು ಸುಟ್ಟರು, ಅವನನ್ನು ಸೆರೆಯಲ್ಲಿಟ್ಟರು. ಬಿಡುಗಡೆಯ ಬಳಿಕ ಅವನು ಹೇಳಿ ಬರೆಯಿಸಿ ಮುಗಿಸಿದ ‘ಪ್ಯಾರಡೈಸ್ ಲಾಸ್ಟ್’ 1667ರಲ್ಲಿ ಪ್ರಕಟವಾಯಿತು. ಮುದಿತನದಲ್ಲಿಯೂ ಮನೆಯ ಆರ್ಗನ್ನನ್ನು ನುಡಿಸುತ್ತಿದ್ದ ಅವನು 1674ರಲ್ಲಿ ತೀರಿಕೊಂಡನು.

ಅರಮನೆ ಕಂಡುಬಂದ ಆರ್ಗನ್ನು 1737ರಲ್ಲಿ ಟ್ಯೂಕ್ಸ್‌ಬರಿಯ ದೊಡ್ಡ ಚರ್ಚನ್ನು ಸೇರಿತು. ಹಲವು ಸಲ ದುರಸ್ತಿಯಾದರೂ ಹಳೆಯ ಕೊಳವೆಗಳಲ್ಲಿ ಕೆಲವು ಇಂದಿಗೂ ಅಲ್ಲಿವೆ. ಅದಕ್ಕೆ ಮಿಲ್ಟನ್ ಆರ್ಗನ್ನೆಂದೇ ಹೆಸರು.