ಕೆಂಪು ಬಾವುಟದ ಆರ್ಚಿ

1929, ಅಮೆರಿಕದ ಸೇಂಟ್ ಲೂಯಿಸ್ ವಿಮಾನ ನಿಲ್ದಾಣ. ತಳ್ಳುಗಾಡಿಯಲ್ಲಿ ಕುರ್ಚಿ, ಛತ್ರಿ, ಊಟ, ಎರಡು ಬಾವುಟ ಹೇರಿಕೊಂಡು ರನ್‌ವೇ ಪಕ್ಕ ಕೂರುತ್ತಿದ್ದವನು ಆರ್ಚಿ ಲೀಗ್. ಚೌಕಳಿ ಬಾವುಟ ತೋರಿಸಿದ್ರೆ ಹೊರಡು, ಕೆಂಪು ತೋರಿಸಿದ್ರೆ ನಿಲ್ಲು. ಅಷ್ಟೇ! ಸ್ವತಃ ಪೈಲಟ್, ಮೆಕ್ಯಾನಿಕ್ ಆಗಿದ್ದವನು ಏರೋನಾಟಿಕಲ್ ಎಂಜಿನಿಯರಿಂಗ್ ಪದವಿಯನ್ನೂ ಪಡೆದ. ಟವರ್ ಬಂದಾಗ ರೇಡಿಯೋ ಹಿಡಿದ. ಮುಂದೆ ಇಡೀ ದೇಶದ ವಾಯು ಸಂಚಾರ ಸೇವೆಗೆ ನಿರ್ದೇಶಕನಾದ. 1973ರಲ್ಲಿ ನಿವೃತ್ತನಾಗಿ, 1986ರಲ್ಲಿ ತೀರಿಕೊಂಡ.

ಈಗ ಅಲ್ಲಿನ ಹಲವು ದೊಡ್ಡ ನಿಲ್ದಾಣಗಳಲ್ಲಿ ರನ್‌ವೇ ಬಳಕೆಯಲ್ಲಿದ್ರೆ ನೆಲದಲ್ಲಿ ಹುದುಗಿಸಿದ ಕೆಂಪು ದೀಪಗಳು ತಾವಾಗೇ ಹೊತ್ತಿಕೊಳ್ತವೆ. ಟವರ್ ಅನುಮತಿ ಕೊಟ್ಟಿದ್ರೂ ಸರಿ, ಕೆಂಪು ಕಂಡ ಪೈಲಟ್ ನಿಂತು ಟವರ್‌ಗೆ ತಿಳಿಸಬೇಕು. ದೀಪ ಆರಿತು ಅಂತ ಹೊರಡುವ ಹಾಗೂ ಇಲ್ಲ. ನಿಲ್ಲಿಸೋದಕ್ಕೆ ದೀಪ ಸಾಕು; ಹೊರಡಿಸೋದಕ್ಕೆ ಇವತ್ತಿಗೂ ಆರ್ಚಿಯಂಥ ಒಬ್ಬ ಮನುಷ್ಯ ಬೇಕು.