ಗಾಲಿಗೆ ಗಾಳಿ ತುಂಬಿದ ಪಶುವೈದ್ಯ

ನಮ್ಮ ಎರೆಭೂಮಿಗೆ ಒಂದು ಗುಣವುಂಟು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತೆ ನಿಲ್ಲುವ ಈ ಮಣ್ಣು, ಒಂದು ಹದಮಳೆ ಬಿದ್ದೊಡನೆ ಅಂಟಾಗಿ ಗಾಲಿಯನ್ನು ಹಿಡಿದುಬಿಡುತ್ತದೆ. ಮಳೆಗಾಲದಲ್ಲಿ ಮುನವಳ್ಳಿಯ ಸುತ್ತಿನ ಹೊಲದ ದಾರಿಗಳಲ್ಲಿ ಖಾಲಿ ಪಿಕ್‌ಅಪ್ ಗಾಡಿಯ ಹಿಂದಿನ ಗಾಲಿಗಳು ಇದ್ದಲ್ಲಿಯೇ ತಿರುಗುವುದನ್ನು ಕಾಣದವರು ವಿರಳ. ನೆಲಕ್ಕೂ ಗಾಲಿಗೂ ಇರುವ ಈ ಹಿಡಿತದ ಚರಿತ್ರೆಯಲ್ಲಿ ಮರೆಯಬಾರದ ಹೆಸರೊಂದಿದೆ. ಅದು ಜಾನ್ ಬಾಯ್ಡ್ ಡನ್‌ಲಪ್‌ನದು.

ಡನ್‌ಲಪ್ 1840ರ ಫೆಬ್ರುವರಿ 5ರಂದು ಸ್ಕಾಟ್ಲಂಡಿನ ಡ್ರೆಗಾರ್ನ್ ಎಂಬ ಹಳ್ಳಿಯ ಒಕ್ಕಲು ಮನೆತನದಲ್ಲಿ ಜನಿಸಿದನು. ಎಡಿನ್‌ಬರೋದಲ್ಲಿ ಪಶುವೈದ್ಯ ವಿದ್ಯೆಯನ್ನು ಕಲಿತು, 1867ರಲ್ಲಿ ಐರ್ಲಂಡಿಗೆ ಹೋದನು. ಮುಂದೆ ಬೆಲ್‌ಫಾಸ್ಟ್ ನಗರದಲ್ಲಿ ಆತನ ವೃತ್ತಿಗೆ ದೊಡ್ಡ ಹೆಸರು ಬಂದಿತು. ಯಂತ್ರವಿದ್ಯೆಯನ್ನು ಆತನು ಯಾವ ಶಾಲೆಯಲ್ಲಿಯೂ ಓದಿದವನಲ್ಲ.

ಆ ಕಾಲದ ಸೈಕಲ್ಲುಗಳಿಗೆ ಗಟ್ಟಿ ರಬ್ಬರಿನ ಪಟ್ಟಿಯೇ ಗತಿ. ಕಲ್ಲು ಹಾಸಿದ ಬೀದಿಗಳಲ್ಲಿ ಮಗನು ತನ್ನ ಮೂರು ಗಾಲಿಯ ಬಂಡಿಯ ಮೇಲೆ ಕುಲುಕುತ್ತ ಹೋಗುವುದನ್ನು ಕಂಡು ತಂದೆಯು ವಿಚಾರಕ್ಕೆ ತೊಡಗಿದನು. 1887ರಲ್ಲಿ ತೆಳುವಾದ ರಬ್ಬರಿನ ಕೊಳವೆಯೊಂದನ್ನು ಮಾಡಿ, ಮರದ ಗಾಲಿಗೆ ಸುತ್ತಿ, ಗಾಳಿ ತುಂಬಿದನು. ಅಂಗಳದಲ್ಲಿ ಅದನ್ನೂ ಹಳೆಯ ಗಾಲಿಯನ್ನೂ ಉರುಳಿಬಿಟ್ಟು ನೋಡಿದಾಗ ಹಳೆಯದು ನಡುವೆಯೇ ಬಿದ್ದಿತು. ಗಾಳಿಯ ಗಾಲಿ ಅಂಗಳ ದಾಟಿ ಆಚೆಗೆ ಹೋಗಿ ಮುಟ್ಟಿತು. 1888ರಲ್ಲಿ ಆತನಿಗೆ ಪೇಟೆಂಟ್ ದೊರೆಯಿತು. ನಮ್ಮ ಜಿಲ್ಲೆಯವರೇ ಆದ ಲಕ್ಷ್ಮಣರಾವ್ ಕಿರ್ಲೋಸ್ಕರರ ಸೈಕಲ್ ಅಂಗಡಿ ಬೆಳಗಾವಿಯಲ್ಲಿ ಆರಂಭವಾದುದೂ ಅದೇ 1888ರಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. 1889ರಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರನು ಈ ಹೊಸ ಟಾಯರುಗಳ ಮೇಲೆ ಬೆಲ್‌ಫಾಸ್ಟಿನ ಪಂದ್ಯಗಳನ್ನು ಗೆದ್ದಮೇಲೆ ನಗುತ್ತಿದ್ದವರ ಬಾಯಿ ಮುಚ್ಚಿತು.

ಆದರೆ ಕೀರ್ತಿಯ ಬೆನ್ನಿಗೇ ಕಷ್ಟವೂ ಬಂದಿತು. ರಾಬರ್ಟ್ ವಿಲಿಯಮ್ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟನು 1845ರಲ್ಲಿಯೇ ಇಂಥ ಗಾಲಿಗೆ ಪೇಟೆಂಟ್ ಪಡೆದಿದ್ದನೆಂಬ ಸಂಗತಿ ಹೊರಬಿದ್ದು, ಡನ್‌ಲಪ್‌ನ ಹಕ್ಕು ಬಿದ್ದುಹೋಯಿತು. ಥಾಮ್ಸನ್ನನ ಕಾಲದಲ್ಲಿ ಸೈಕಲ್ಲೂ ಇರಲಿಲ್ಲ, ಮೋಟಾರೂ ಇರಲಿಲ್ಲ. ಆದ್ದರಿಂದ ಅವನ ಕಲ್ಪನೆ ಬಳಕೆಗೆ ಬಾರದೆ ಮರೆಯಾಗಿತ್ತು. ಡನ್‌ಲಪ್‌ನಿಗೆ ಅದರ ಸುಳಿವೇ ಇರಲಿಲ್ಲ. ಹಾರ್ವಿ ಡು ಕ್ರೋ ಎಂಬ ವ್ಯವಹಾರಸ್ಥನೊಡನೆ ಕೂಡಿ ಕಟ್ಟಿದ ಕಂಪನಿ ಬೆಳೆಯಿತು; 1896ರಲ್ಲಿ ಅದು 30 ಲಕ್ಷ ಪೌಂಡಿಗೆ ಮಾರಾಟವಾಯಿತು. ಅಷ್ಟರೊಳಗೆ ಡನ್‌ಲಪ್ ಅದರಿಂದ ಹೊರಬಂದಿದ್ದನು. ಹಣ ಅನ್ಯರ ಪಾಲಾಯಿತು, ಹೆಸರು ಮಾತ್ರ ಟಾಯರಿನ ಮೇಲೆ ಉಳಿಯಿತು. 1921ರ ಅಕ್ಟೋಬರ್ 23ರಂದು ಡಬ್ಲಿನ್ ನಗರದಲ್ಲಿ ಆತನು ತೀರಿಕೊಂಡನು.

ಡನ್‌ಲಪ್ ಬಯಸಿದ್ದು ಮಗನ ಸುಖ ಸವಾರಿಯನ್ನು. ಲೋಕಕ್ಕೆ ದೊರೆತದ್ದು ಅದಕ್ಕಿಂತ ಹೆಚ್ಚಿನದು. ಗಾಳಿ ತುಂಬಿದ ಟಾಯರು ನೆಲದ ಏರುಪೇರಿಗೆ ತಕ್ಕಂತೆ ಬಾಗಿ, ಅಗಲವಾಗಿ ಊರಿ ನಿಲ್ಲುತ್ತದೆ. ಕಬ್ಬಿಣದ ಪಟ್ಟಿಯ ಚಕ್ಕಡಿ ಗಾಲಿ ಮೆತ್ತನ್ನ ಮಣ್ಣನ್ನು ಕೊರೆದು ಇಳಿಯುವಲ್ಲಿ ಇದು ಭಾರವನ್ನು ಹಂಚಿ ತೇಲಿಸುತ್ತದೆ. ಆದರೂ ಹಿಡಿತಕ್ಕೆ ಭಾರ ಬೇಕು. ಪಿಕ್‌ಅಪ್ಪಿನ ಯಂತ್ರ ಮುಂದೆ, ಎಳೆಯುವ ಗಾಲಿಗಳು ಹಿಂದೆ. ಹೇರು ಇಲ್ಲದಾಗ ಹಿಂಭಾಗ ಹಗುರಾಗಿ ಗಾಲಿ ಜಾರುತ್ತದೆ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಬಂದೊಡನೆ ಹಿಂದಿನ ಅಚ್ಚಿನ ಮೇಲ್ಭಾಗದಲ್ಲಿ ಉಸುಕಿನ ಚೀಲಗಳನ್ನು ಕದಲದಂತೆ ಕಟ್ಟುವುದು ಇದಕ್ಕಾಗಿಯೇ. 1904ರಲ್ಲಿ ಅಮೆರಿಕದ ಹ್ಯಾರಿ ವೀಡ್ ಎಂಬವನು ಟಾಯರಿಗೆ ಸುತ್ತುವ ಸರಪಳಿಗೆ ಪೇಟೆಂಟ್ ಪಡೆದನು. ನಮ್ಮ ಎರೆಮಣ್ಣಿಗೂ ನ್ಯಾಯ ಅದೇ. ಟಾಯರಿನ ಗೀರುಗಳಲ್ಲಿ ಕೆಸರು ತುಂಬಿದರೆ ಹೊಸ ಟಾಯರೂ ಸವೆದ ಟಾಯರಿಗೆ ಸಮ. ಅದನ್ನು ಕೆರೆದು ತೆಗೆಯಬೇಕು, ಹಿಂದೆ ಭಾರವಿಡಬೇಕು, ಮೆಲ್ಲಗೆ ನಡೆಸಬೇಕು. ಸಿಟ್ಟಿನಿಂದ ಯಂತ್ರವನ್ನು ಜೋರು ಮಾಡಿದಷ್ಟೂ ಗಾಲಿ ತನ್ನ ಗುಂಡಿಯನ್ನು ತಾನೇ ತೋಡುತ್ತದೆ. ಸಿಕ್ಕಿಬಿದ್ದ ಗಾಡಿಯಲ್ಲಿ ಒಕ್ಕಲಿಗನ ವರ್ಷದ ಫಲವಿರುವಾಗ ಈ ತಿಳಿವಳಿಕೆ ಸಣ್ಣದಲ್ಲ.

ದನಕರುಗಳ ರೋಗ ನೋಡುತ್ತಿದ್ದ ವೈದ್ಯನೊಬ್ಬನು ತನ್ನ ಮನೆಯ ಅಂಗಳದಲ್ಲಿ ಮಾಡಿದ ಕೆಲಸ ಇಂದು ಲೋಕದ ಭಾರವನ್ನು ಹೊತ್ತು ತಿರುಗುತ್ತಿದೆ. ಕಣ್ಣೆದುರಿನ ಚಿಕ್ಕ ತೊಂದರೆಯನ್ನು ಮನಸ್ಸಿಟ್ಟು ನೋಡುವವನಿಗೆ ಅಂಗಳವೇ ಪ್ರಯೋಗಶಾಲೆ ಎಂಬುದನ್ನು ಡನ್‌ಲಪ್‌ನ ಬಾಳು ವಿದ್ಯಾರ್ಥಿಗಳಾದ ನಮಗೆ ತೋರಿಸಿಕೊಡುತ್ತದೆ.